ರೋಗಾಣುವನ್ನು ಕಂಡ, ಹೆಣ್ಣನ್ನು ಕಾಣದೇಹೋದ ವೈದ್ಯ: ಆಲ್ಬರ್ಟ್ ನೈಸರ್ ಬದುಕು

ಬಸ್ ನಿಲ್ದಾಣದ ಶೌಚಾಲಯದ ಗೋಡೆ, ರೈಲ್ವೆ ಹಳಿ ಪಕ್ಕದ ಕಾಂಪೌಂಡು, ಫ್ಲೈಓವರ್ ಕೆಳಗಿನ ಕಂಬ. ಆ ಪೋಸ್ಟರನ್ನು ನೀವೂ ನೋಡಿಯೇ ಇರ್ತೀರಿ. ಗುಪ್ತರೋಗಗಳಿಗೆ ಖಚಿತ ಚಿಕಿತ್ಸೆ ಅಂತ ದಪ್ಪ ಅಕ್ಷರ, ಕೆಳಗೊಂದು ಮೊಬೈಲ್ ನಂಬರ್. ಯಾವ ರೋಗ, ಯಾವ ಔಷಧ ಅನ್ನೋದು ಮಾತ್ರ ಎಲ್ಲೂ ಇರುವುದಿಲ್ಲ. ಕೀವು ಸೋರಿದರೂ ಗುಪ್ತರೋಗ, ಹುಣ್ಣಾದರೂ ಗುಪ್ತರೋಗ, ಗುಳ್ಳೆ ಎದ್ದರೂ ಗುಪ್ತರೋಗ. ಬೇರೆ ಬೇರೆ ರೋಗಾಣುಗಳಿಂದ ಬರುವ, ಬೇರೆ ಬೇರೆ ಚಿಕಿತ್ಸೆ ಬೇಡುವ ಹತ್ತಾರು ಸೋಂಕುಗಳನ್ನು ನಾವು ನಾಚಿಕೆ ಎಂಬ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿಟ್ಟಿದ್ದೇವೆ.

ಈ ಚೀಲವನ್ನು ಬಿಚ್ಚಿ ಒಂದೊಂದೇ ಕಾಯಿಲೆಯನ್ನು ಬೇರ್ಪಡಿಸಿದವರಲ್ಲಿ ಜರ್ಮನಿಯ ಚರ್ಮವೈದ್ಯ ಆಲ್ಬರ್ಟ್ ನೈಸರ್ ಪ್ರಮುಖ. ಗೊನೊರಿಯಾ ತರುವ ಬ್ಯಾಕ್ಟೀರಿಯಾಕ್ಕೆ ಇವತ್ತಿಗೂ ಆತನದೇ ಹೆಸರು: ನೈಸೀರಿಯಾ ಗೊನೊರಿಯೆ. ಆದರೆ ವೈದ್ಯಕೀಯ ನೀತಿಶಾಸ್ತ್ರದ ಚರಿತ್ರೆಯಲ್ಲೂ ಆತನ ಹೆಸರಿದೆ. ಅಲ್ಲಿ ಅದು ಗೌರವದ ಜಾಗದಲ್ಲಿ ಇಲ್ಲ, ಆರೋಪಿಯ ಜಾಗದಲ್ಲಿದೆ. ಈ ಎರಡನ್ನೂ ಒಟ್ಟಿಗೆ ಓದದಿದ್ದರೆ ಆತನ ಬದುಕು ಅರ್ಥವಾಗುವುದಿಲ್ಲ.

ಎರಡು ಕಾಯಿಲೆ, ಒಂದು ಹೆಸರು

ನೈಸರ್ ಹುಟ್ಟುವ ಮೊದಲಿನ ಕಥೆ ಸ್ವಲ್ಪ ಹೇಳಬೇಕು. 18ನೇ ಶತಮಾನದ ಯುರೋಪಿನಲ್ಲಿ ಅನೇಕ ವೈದ್ಯರು ಗೊನೊರಿಯಾ ಮತ್ತು ಸಿಫಿಲಿಸ್ ಒಂದೇ ಕಾಯಿಲೆಯ ಎರಡು ರೂಪ ಅಂತ ನಂಬಿದ್ದರು. ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಜಾನ್ ಹಂಟರ್ 1767ರಲ್ಲಿ ಒಂದು ಪ್ರಯೋಗ ಮಾಡಿದ. ಗೊನೊರಿಯಾ ರೋಗಿಯ ಕೀವನ್ನು ಇನ್ನೊಂದು ಆರೋಗ್ಯವಂತ ದೇಹಕ್ಕೆ ಚುಚ್ಚಿದ. ಆ ದೇಹದಲ್ಲಿ ಸಿಫಿಲಿಸ್ ಕಾಣಿಸಿಕೊಂಡಿತು. ಅಲ್ಲಿಗೆ ಎರಡೂ ಒಂದೇ ಅಂತ ಆತ ತೀರ್ಮಾನಿಸಿದ. ಕೀವು ಕೊಟ್ಟ ರೋಗಿಗೆ ಎರಡೂ ಸೋಂಕು ಒಟ್ಟಿಗೆ ಇದ್ದಿರಬಹುದು ಎಂಬುದು ಆತನಿಗೆ ಹೊಳೆಯಲಿಲ್ಲ. ಹಂಟರ್ ದೊಡ್ಡ ಹೆಸರು. ಹಾಗಾಗಿ ಆತನ ತಪ್ಪೂ ದೊಡ್ಡದಾಗಿ ಬೆಳೆದು ದಶಕಗಳ ಕಾಲ ಉಳಿಯಿತು.

1838ರಲ್ಲಿ ಪ್ಯಾರಿಸ್ಸಿನ ಫಿಲಿಪ್ ರಿಕೋರ್ ಇವೆರಡೂ ಬೇರೆ ಬೇರೆ ಅಂತ ತೋರಿಸಿದ. ಅದೂ ರೋಗಿಗಳ ಮೈಮೇಲೆ ಮಾಡಿದ ಪ್ರಯೋಗಗಳಿಂದಲೇ. ಆದರೆ ಗೊನೊರಿಯಾಕ್ಕೆ ಅದರದ್ದೇ ಆದ ರೋಗಾಣು ಇರಬಹುದು ಎಂಬುದನ್ನು ಆತ ಒಪ್ಪಲಿಲ್ಲ. ಅದು ಬರೀ ಉರಿಯೂತ, ಯಾವ ಕೆರಳಿಕೆಯಿಂದ ಬೇಕಾದರೂ ಬರಬಹುದು ಅಂತಲೇ ಅಂದುಕೊಂಡಿದ್ದ.

ಇದೆಲ್ಲ ಬರೀ ಪುಸ್ತಕದ ಜಗಳ ಅಲ್ಲ. ಸಿಫಿಲಿಸ್‌ಗೆ ಆಗ ಕೊಡುತ್ತಿದ್ದ ಔಷಧ ಪಾದರಸ. ಅದರಿಂದ ಬಾಯಿ ಹುಣ್ಣಾಗಿ ಹಲ್ಲು ಉದುರುತ್ತಿತ್ತು. ಎರಡೂ ಒಂದೇ ಅಂತ ನಂಬಿದರೆ ಗೊನೊರಿಯಾ ಬಂದವರಿಗೂ ಅದೇ ವಿಷ. ಕಾಯಿಲೆಗಳ ವ್ಯತ್ಯಾಸ ಗೊತ್ತಿಲ್ಲದ್ದರ ಬೆಲೆಯನ್ನು ಯಾವಾಗಲೂ ರೋಗಿಯ ಮೈಯೇ ಕಟ್ಟುತ್ತದೆ.

ಇಪ್ಪತ್ನಾಲ್ಕರ ಹುಡುಗ ಕಂಡದ್ದು

ನೈಸರ್ ಹುಟ್ಟಿದ್ದು 1855ರ ಜನವರಿ 22ರಂದು, ಸೈಲೀಷಿಯಾ ಪ್ರಾಂತದ ಶ್ವೈಡ್‌ನಿಟ್ಸ್ ಎಂಬ ಊರಲ್ಲಿ. ಆಗ ಅದು ಪ್ರಷ್ಯಾ, ಈಗ ಪೋಲೆಂಡ್. ಅಪ್ಪ ಯಹೂದಿ ವೈದ್ಯ. ತಾಯಿ ಬೇಗ ತೀರಿಕೊಂಡಳು, ಮಲತಾಯಿ ಬೆಳೆಸಿದಳು. ಬ್ರೆಸ್ಲಾವ್ ನಗರದ ಶಾಲೆಯಲ್ಲಿ ಓದುವಾಗ ಜೊತೆಗಿದ್ದ ಹುಡುಗ ಪಾಲ್ ಎರ್ಲಿಖ್. ಮುಂದೆ ಸಿಫಿಲಿಸ್‌ಗೆ ಮೊದಲ ಪರಿಣಾಮಕಾರಿ ರಾಸಾಯನಿಕ ಔಷಧ ಕಂಡುಹಿಡಿದವನು ಆತನೇ.

ಬ್ರೆಸ್ಲಾವ್ ಆ ಕಾಲಕ್ಕೆ ಸಾಧಾರಣ ಊರಲ್ಲ. ಹಳ್ಳಿಗಾಡಿನ ವೈದ್ಯನಾಗಿದ್ದ ರಾಬರ್ಟ್ ಕಾಖ್ 1876ರಲ್ಲಿ ತನ್ನ ಆಂಥ್ರಾಕ್ಸ್ ಸಂಶೋಧನೆಯನ್ನು ಮೊದಲು ತೋರಿಸಿದ್ದು ಅಲ್ಲಿನ ವಿಶ್ವವಿದ್ಯಾಲಯದ ವಿಜ್ಞಾನಿಗಳಿಗೆ. ರೋಗಾಣುಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ನೋಡುವ ವಿದ್ಯೆ ಅಲ್ಲಿ ಬೆಳೆಯುತ್ತಿತ್ತು. ನೈಸರ್ ಅದೇ ಗಾಳಿಯಲ್ಲಿ ಬೆಳೆದ. 1877ರಲ್ಲಿ ವೈದ್ಯ ಪದವಿ ಪಡೆದ. ಆತನಿಗೆ ಬೇಕಿದ್ದದ್ದು ಜನರಲ್ ಮೆಡಿಸಿನ್. ಅಲ್ಲಿ ಕೆಲಸ ಖಾಲಿ ಇರಲಿಲ್ಲ. ಹಾಗಾಗಿ ಚರ್ಮರೋಗ ವಿಭಾಗಕ್ಕೆ ಸಹಾಯಕನಾಗಿ ಸೇರಿಕೊಂಡ. ಯಾರಿಗೂ ಬೇಡವಾಗಿದ್ದ ರೋಗಿಗಳು ಬರುತ್ತಿದ್ದದ್ದು ಅಲ್ಲಿಗೇ.

1879ರಲ್ಲಿ, ಇಪ್ಪತ್ನಾಲ್ಕು ವರ್ಷದ ನೈಸರ್, ಗೊನೊರಿಯಾ ರೋಗಿಗಳ ಕೀವನ್ನು ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ನೋಡಿದ. ಜೋಡಿ ಜೋಡಿಯಾಗಿ ಅಂಟಿಕೊಂಡಿದ್ದ ಪುಟ್ಟ ದುಂಡನೆಯ ಜೀವಿಗಳು ಕಂಡವು. ಗಂಡಸರ ಮೂತ್ರನಾಳದ ಕೀವಿನಲ್ಲೂ ಅವೇ, ಹೆಂಗಸರಲ್ಲೂ ಅವೇ, ಹುಟ್ಟಿದ ಕೆಲವೇ ದಿನಕ್ಕೆ ಕಣ್ಣು ಕೀವಾದ ಹಸುಗೂಸುಗಳ ಕಣ್ಣಲ್ಲೂ ಅವೇ. ಬೇರೆ ಕಾರಣದ ಕೀವಿನಲ್ಲಿ ಅವು ಇರಲಿಲ್ಲ. ಗೊನೊರಿಯಾಕ್ಕೆ ಅದರದ್ದೇ ರೋಗಾಣು ಇದೆ ಅಂತ ಅಲ್ಲಿಗೆ ಗೊತ್ತಾಯಿತು. ಸಿಫಿಲಿಸ್ ಜೊತೆಗಿನ ಗೊಂದಲ ತೀರುವ ದಾರಿ ತೆರೆಯಿತು.

ಇದರ ಪ್ರಯೋಜನ ಕೂಡಲೇ ಸಿಕ್ಕಿದ್ದು ಹಸುಗೂಸುಗಳಿಗೆ. ಅದೇ ಹೊತ್ತಿನಲ್ಲಿ ಲೈಪ್ಜಿಗ್‌ನ ಹೆರಿಗೆ ವೈದ್ಯ ಕಾರ್ಲ್ ಕ್ರೆಡೆ ಹುಟ್ಟಿದ ಮಕ್ಕಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕುವ ಪದ್ಧತಿ ಶುರುಮಾಡಿದ. ಹೆರಿಗೆಯ ಹೊತ್ತಿಗೆ ತಾಯಿಯಿಂದ ದಾಟುವ ಈ ಸೋಂಕಿನಿಂದ ಕುರುಡಾಗುತ್ತಿದ್ದ ಮಕ್ಕಳ ಸಂಖ್ಯೆ ದೊಡ್ಡ ಪ್ರಮಾಣದಲ್ಲಿ ಇಳಿಯಿತು. ಆ ಹನಿ ಯಾಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಉತ್ತರ ನೈಸರ್ ಕಂಡ ರೋಗಾಣುವಿನಲ್ಲಿತ್ತು.

ನಾರ್ವೆಯಿಂದ ತಂದದ್ದು

ಯಶಸ್ಸು ಸಿಕ್ಕ ಹುಡುಗನಿಗೆ ಅವಸರ ಹೆಚ್ಚು. ಅದೇ 1879ರಲ್ಲಿ ನೈಸರ್ ಕುಷ್ಠರೋಗದ ಅಧ್ಯಯನಕ್ಕೆ ನಾರ್ವೆಗೆ ಹೋದ. ಅಲ್ಲಿ ಗೆರ್ಹಾರ್ಡ್ ಹಾನ್ಸೆನ್ ಎಂಬ ವೈದ್ಯ 1873ರಲ್ಲೇ ಕುಷ್ಠರೋಗಿಗಳ ಅಂಗಾಂಶದಲ್ಲಿ ಕಡ್ಡಿಯಂಥ ಬ್ಯಾಕ್ಟೀರಿಯಾಗಳನ್ನು ಗುರುತಿಸಿದ್ದ. ಹಾನ್ಸೆನ್ ಧಾರಾಳವಾಗಿ ಮಾದರಿಗಳನ್ನು ಕೊಟ್ಟು ಕಳಿಸಿದ. ಬ್ರೆಸ್ಲಾವ್‌ಗೆ ಮರಳಿದ ನೈಸರ್ ಅವಕ್ಕೆ ಚೆನ್ನಾಗಿ ಬಣ್ಣ ಹಾಕಿ, ಕುಷ್ಠದ ರೋಗಾಣು ಕಂಡುಹಿಡಿದ ಶ್ರೇಯ ತನ್ನದೇ ಎಂಬಂತೆ ಪ್ರಕಟಿಸಿಬಿಟ್ಟ. ದೊಡ್ಡ ಜಗಳವಾಯಿತು. ಕೊನೆಗೆ ಶ್ರೇಯ ಹಾನ್ಸೆನ್‌ಗೇ ಹೋಯಿತು.

ಇಲ್ಲಿ ಇನ್ನೊಂದು ಸಂಗತಿ ಇದೆ. ಕುಷ್ಠ ಅಂಟುರೋಗ ಅಂತ ಸಾಬೀತು ಮಾಡುವ ಹಟದಲ್ಲಿ ಹಾನ್ಸೆನ್ ಒಬ್ಬ ರೋಗಿ ಹೆಂಗಸಿನ ಕಣ್ಣಿಗೆ, ಅವಳನ್ನು ಕೇಳದೆ, ಕುಷ್ಠದ ಮಾದರಿ ಚುಚ್ಚಿದ್ದ. ಅವಳು ಸುಮ್ಮನಿರಲಿಲ್ಲ. ವಿಷಯ ಬರ್ಗೆನ್ ನಗರದ ನ್ಯಾಯಾಲಯಕ್ಕೆ ಹೋಯಿತು. 1880ರಲ್ಲಿ ಹಾನ್ಸೆನ್ ತಪ್ಪಿತಸ್ಥ ಅಂತ ತೀರ್ಪಾಗಿ, ಆಸ್ಪತ್ರೆಯ ಕೆಲಸ ಹೋಯಿತು. ನೈಸರ್ ಹಾನ್ಸೆನ್‌ನಿಂದ ಮಾದರಿಗಳನ್ನು ತಂದ. ಈ ಪಾಠವನ್ನು ತರಲಿಲ್ಲ.

ಆಸ್ಪತ್ರೆಯಲ್ಲಿದ್ದ ಹೆಣ್ಣುಮಕ್ಕಳು

1882ರಲ್ಲಿ, ಮೂವತ್ತೂ ತುಂಬದ ನೈಸರ್ ಬ್ರೆಸ್ಲಾವ್‌ನಲ್ಲಿ ಪ್ರೊಫೆಸರ್ ಆದ, ಚರ್ಮರೋಗ ಕ್ಲಿನಿಕ್ಕಿನ ಮುಖ್ಯಸ್ಥನೂ ಆದ. ಮರುವರ್ಷ ಟೋನಿ ಕಾಫ್‌ಮನ್ ಜೊತೆ ಮದುವೆ. ಅವರ ಮನೆ ಸಂಗೀತಗಾರರು, ಲೇಖಕರು ಬಂದುಹೋಗುವ ತಾಣವಾಯಿತು. ಊರಿನ ಗಣ್ಯ ದಂಪತಿ.

ಕ್ಲಿನಿಕ್ಕಿನ ಒಳಗಿನ ಲೋಕ ಬೇರೆ. ಆಗಿನ ಜರ್ಮನಿಯಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರನ್ನು ಪೊಲೀಸರು ಪಟ್ಟಿ ಮಾಡಿ ಇಡುತ್ತಿದ್ದರು. ಆಗಾಗ ತಪಾಸಣೆಗೆ ಬರಲೇಬೇಕು. ಸೋಂಕು ಕಂಡರೆ ಆಸ್ಪತ್ರೆಗೆ ದೂಡುವುದು, ಬಿಡುವವರೆಗೆ ಅಲ್ಲೇ ಇರಬೇಕು. ಅವರ ಹತ್ತಿರ ಬರುವ ಗಂಡಸರಿಗೆ ಈ ಯಾವ ನಿಯಮವೂ ಇಲ್ಲ. ಬ್ರಿಟಿಷರು 1864ರಲ್ಲಿ ತಮ್ಮ ದೇಶದಲ್ಲಿ, 1868ರಲ್ಲಿ ಭಾರತದಲ್ಲಿ ಇಂಥದ್ದೇ ಕಾಯ್ದೆ ತಂದಿದ್ದರು. ಸಿಪಾಯಿಗಳ ಆರೋಗ್ಯ ಕಾಪಾಡುವ ಹೆಸರಲ್ಲಿ ಕಂಟೋನ್ಮೆಂಟುಗಳ ಹೆಣ್ಣುಮಕ್ಕಳನ್ನು ಬಲವಂತದಿಂದ ಪರೀಕ್ಷಿಸಿ ಲಾಕ್ ಆಸ್ಪತ್ರೆಗಳಲ್ಲಿ ಕೂಡಿಹಾಕುತ್ತಿದ್ದರು. ಸೋಂಕು ಇಬ್ಬರ ನಡುವಿನದು, ಶಿಕ್ಷೆ ಮಾತ್ರ ಒಬ್ಬರಿಗೆ.

ನೈಸರ್‌ಗೆ ಸಿಫಿಲಿಸ್‌ಗೆ ಲಸಿಕೆ ಕಂಡುಹಿಡಿಯುವ ಆಸೆ. 1892ರಲ್ಲಿ ಸಿಫಿಲಿಸ್ ರೋಗಿಗಳ ರಕ್ತದಿಂದ ಸೀರಮ್ ತೆಗೆದು, ಬೇರೆ ಕಾಯಿಲೆಗಳಿಗೆ ಅಂತ ದಾಖಲಾಗಿದ್ದ ಹೆಣ್ಣುಮಕ್ಕಳ ಮೈಗೆ ಚುಚ್ಚಿದ. ಅವರಲ್ಲಿ ಹೆಚ್ಚಿನವರು ಲೈಂಗಿಕ ವೃತ್ತಿಯವರು. ಏನು ಚುಚ್ಚುತ್ತಿದ್ದೇನೆ ಅಂತ ಅವರಿಗೆ ಹೇಳಲಿಲ್ಲ. ಆಗಬಹುದಾ ಅಂತ ಕೇಳಲಿಲ್ಲ. ಅವರಲ್ಲಿ ಕೆಲವರಿಗೆ ಸಿಫಿಲಿಸ್ ಬಂತು.

1898ರಲ್ಲಿ ನೈಸರ್ ಇದನ್ನು ತಾನೇ ಪ್ರಕಟಿಸಿದ. ಮುಚ್ಚಿಡಬೇಕಾದ ಸಂಗತಿ ಅಂತ ಆತನಿಗೆ ಅನ್ನಿಸಿರಲೇ ಇಲ್ಲ ಎಂಬುದನ್ನು ಗಮನಿಸಿ. ಲಸಿಕೆ ಕೆಲಸ ಮಾಡಲಿಲ್ಲ ಅಂತ ಬರೆದ. ರೋಗ ಬಂದದ್ದು ತನ್ನ ಸೂಜಿಯಿಂದ ಅಲ್ಲ, ಅವರ ವೃತ್ತಿಯಿಂದ ಅಂತಲೂ ವಾದಿಸಿದ. ಗೊನೊರಿಯಾದ ಕೀವಿಗೆ ಖಚಿತ ಕಾರಣ ಹುಡುಕಲು ಅಷ್ಟೊಂದು ಶ್ರಮಪಟ್ಟ ವಿಜ್ಞಾನಿ ಇಲ್ಲಿ ಪುರಾವೆ ಹುಡುಕಲಿಲ್ಲ. ಆ ಹೆಣ್ಣುಮಕ್ಕಳ ಕಸುಬೇ ಪುರಾವೆಯಾಗಿ ಸಾಕಾಯಿತು.

ಇಂಥದ್ದು ಮಾಡಿದ್ದು ಆತ ಒಬ್ಬನೇ ಅಲ್ಲ. ಆತನದೇ ಗೊನೊರಿಯಾ ರೋಗಾಣುವನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಲು ಅರ್ನ್ಸ್ಟ್ ಬುಮ್ ಎಂಬ ವೈದ್ಯ 1885ರಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿದ ರೋಗಾಣುವನ್ನು ಸೋಂಕಿಲ್ಲದ ಹೆಂಗಸಿನ ಮೈಗೆ ಸೇರಿಸಿದ್ದ. ಆ ಕಾಲದ ಸಂಶೋಧನೆಯ ರೂಢಿಯೇ ಹಾಗಿತ್ತು. ಹಾಗಂತ ಕಾಲದ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ಯಾಕೆಂದರೆ ಅದೇ ಕಾಲದ ಜನ ನೈಸರ್‌ನನ್ನು ಪ್ರಶ್ನಿಸಿದರು.

ಕೇಳಬೇಕಿತ್ತು ಅಂದ ನ್ಯಾಯಾಲಯ

ಮ್ಯೂನಿಕ್ಕಿನ ಪತ್ರಿಕೆಯೊಂದು ವಿಷಯ ಬಯಲಿಗೆಳೆಯಿತು. ಬೇರೆ ಪತ್ರಿಕೆಗಳೂ ಎತ್ತಿಕೊಂಡವು. ಪ್ರಷ್ಯಾದ ಸಂಸತ್ತಿನಲ್ಲಿ ಚರ್ಚೆಯಾಯಿತು. ಹೆಚ್ಚಿನ ಪ್ರೊಫೆಸರುಗಳು ನೈಸರ್ ಪರ ನಿಂತರು. ಆಲ್ಬರ್ಟ್ ಮೋಲ್ ಎಂಬ ಮನೋವೈದ್ಯನಂಥ ಕೆಲವರಷ್ಟೇ ತಮ್ಮ ವೃತ್ತಿಬಾಂಧವರ ವಿರುದ್ಧ ಮಾತಾಡಿದರು. ರೋಗಿಗಳನ್ನು ಕೇಳದೆ ನಡೆಸಿದ ಇಂಥ ಪ್ರಯೋಗಗಳನ್ನು ಮೋಲ್ ನೂರಾರು ಸಂಖ್ಯೆಯಲ್ಲಿ ಕಲೆಹಾಕಿ, ವೈದ್ಯರ ನೀತಿಯ ಬಗ್ಗೆ 1902ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ.

1900ರಲ್ಲಿ ಶಿಸ್ತು ನ್ಯಾಯಾಲಯ ನೈಸರ್‌ಗೆ 300 ಮಾರ್ಕ್ ದಂಡ ಹಾಕಿತು. ಮೊತ್ತ ಸಣ್ಣದು, ತೀರ್ಪಿನ ತಿರುಳು ದೊಡ್ಡದು. ಪ್ರಯೋಗದಿಂದ ಅಪಾಯ ಇಲ್ಲ ಅಂತ ವೈದ್ಯ ಎಷ್ಟೇ ನಂಬಿದ್ದರೂ ರೋಗಿಯ ಒಪ್ಪಿಗೆ ಕೇಳಬೇಕಿತ್ತು ಎಂಬುದೇ ಆ ತೀರ್ಪು.

ಅದೇ ವರ್ಷ ಡಿಸೆಂಬರ್ 29ರಂದು ಪ್ರಷ್ಯಾದ ಸರ್ಕಾರ ಆಸ್ಪತ್ರೆಗಳಿಗೆ ಒಂದು ನಿರ್ದೇಶನ ಹೊರಡಿಸಿತು. ರೋಗ ಪತ್ತೆ, ಚಿಕಿತ್ಸೆ, ರೋಗನಿರೋಧಕ ಚುಚ್ಚುಮದ್ದು ಬಿಟ್ಟು ಬೇರೆ ಉದ್ದೇಶಕ್ಕೆ ಯಾರ ಮೈಮೇಲಾದರೂ ಪ್ರಯೋಗ ಮಾಡುವುದಾದರೆ, ಆಗಬಹುದಾದ ಕೆಡುಕನ್ನು ಮೊದಲು ಅವರಿಗೆ ತಿಳಿಸಬೇಕು. ಅವರ ಸ್ಪಷ್ಟ ಒಪ್ಪಿಗೆ ಬೇಕು. ಅಪ್ರಾಪ್ತರ ಮೇಲೆ, ನಿರ್ಧರಿಸುವ ಸ್ಥಿತಿಯಲ್ಲಿಲ್ಲದವರ ಮೇಲೆ ಮಾಡುವಂತೆಯೇ ಇಲ್ಲ. ಇದನ್ನೆಲ್ಲ ರೋಗಿಯ ದಾಖಲೆಯಲ್ಲಿ ಬರೆದಿಡಬೇಕು. ಸರ್ಕಾರವೊಂದು ತಿಳಿವಳಿಕೆಯ ಒಪ್ಪಿಗೆ ಎಂಬ ವಿಚಾರವನ್ನು ಲಿಖಿತವಾಗಿ ಹೇಳಿದ ಅತಿ ಹಳೆಯ ಉದಾಹರಣೆಗಳಲ್ಲಿ ಇದೊಂದು.

ಆದರೆ ಅದಕ್ಕೆ ಕಾನೂನಿನ ಬಲ ಇರಲಿಲ್ಲ. ಬರೀ ಕಾಗದ ಜನರನ್ನು ಕಾಯುವುದಿಲ್ಲ ಎಂಬುದಕ್ಕೆ ಜರ್ಮನಿಗಿಂತ ಕ್ರೂರ ಸಾಕ್ಷಿ ಬೇರೆ ಬೇಡ. 1931ರಲ್ಲಿ ಅಲ್ಲಿ ಇನ್ನೂ ವಿವರವಾದ ಮಾರ್ಗಸೂಚಿ ಬಂದಿತ್ತು. ಅದಾಗಿ ಕೆಲವೇ ವರ್ಷಕ್ಕೆ ನಾಜಿ ವೈದ್ಯರು ಕ್ಯಾಂಪುಗಳಲ್ಲಿ ಮಾಡಿದ್ದು ಜಗತ್ತಿಗೇ ಗೊತ್ತು. 1947ರ ನ್ಯೂರೆಂಬರ್ಗ್ ಸಂಹಿತೆಯ ಮೊದಲ ಅಂಶ ಮತ್ತೆ ಅದೇ: ಸ್ವಇಚ್ಛೆಯ ಒಪ್ಪಿಗೆ.

ಜಾವಾದ ವಾನರಗಳು, ಬೆರ್ಲಿನ್ನಿನ ರಕ್ತಪರೀಕ್ಷೆ

ನೈಸರ್‌ನ ಕೆಲಸ ನಿಲ್ಲಲಿಲ್ಲ. 1902ರಲ್ಲಿ ಆಲ್ಫ್ರೆಡ್ ಬ್ಲಾಷ್ಕೊ ಮೊದಲಾದ ವೈದ್ಯರ ಜೊತೆ ಸೇರಿ ಲೈಂಗಿಕ ರೋಗಗಳ ವಿರುದ್ಧ ಹೋರಾಡುವ ಜರ್ಮನ್ ಸಂಘವನ್ನು ಕಟ್ಟಿದ. ಈ ವಿಷಯದ ಬಗ್ಗೆ ಬಹಿರಂಗವಾಗಿ ಮಾತಾಡಬೇಕು, ಜನರಿಗೆ ತಿಳಿಸಬೇಕು ಅನ್ನೋದು ಸಂಘದ ನಿಲುವು. ಲೈಂಗಿಕ ವೃತ್ತಿಯ ಮಹಿಳೆಯರ ಮೇಲಿನ ಹಿಡಿತ ಪೊಲೀಸರ ಕೈಯಿಂದ ಆರೋಗ್ಯ ಅಧಿಕಾರಿಗಳ ಕೈಗೆ ಬರಬೇಕು ಎಂಬುದು ನೈಸರ್‌ನ ವಾದವಾಗಿತ್ತು. ಹಿಡಿತವೇ ಯಾಕೆ ಬೇಕು ಎಂಬಲ್ಲಿಗೆ ಆತನ ಯೋಚನೆ ಹೋಗಲಿಲ್ಲ.

1905ರಲ್ಲಿ ಬೆರ್ಲಿನ್ನಿನ ಶೌಡಿನ್ ಮತ್ತು ಹಾಫ್‌ಮನ್ ಸಿಫಿಲಿಸ್‌ನ ರೋಗಾಣು ಕಂಡರು. ದುಂಡಗಲ್ಲ, ಸ್ಕ್ರೂ ಥರ ಸುರುಳಿ. ನೈಸರ್ ಆ ಹೊತ್ತಿಗೆ ಜಾವಾ ದ್ವೀಪದಲ್ಲಿ ವಾನರಗಳ ಮೇಲೆ ಸಿಫಿಲಿಸ್ ಅಧ್ಯಯನಕ್ಕೆ ಇಳಿದಿದ್ದ. ಈ ಸಲ ಮನುಷ್ಯರನ್ನು ಬಿಟ್ಟು ಪ್ರಾಣಿಗಳತ್ತ ಹೋಗಿದ್ದ. 1906ರಲ್ಲಿ ವಾಸರ್‌ಮನ್, ನೈಸರ್, ಬ್ರುಕ್ ಮೂವರ ಹೆಸರಲ್ಲಿ ಸಿಫಿಲಿಸ್‌ನ ರಕ್ತಪರೀಕ್ಷೆ ಪ್ರಕಟವಾಯಿತು. ಹೊರಗೆ ಏನೂ ಕಾಣದಿದ್ದರೂ ರಕ್ತದಲ್ಲಿ ರೋಗ ಪತ್ತೆ ಮಾಡುವುದು ಅಲ್ಲಿಂದ ಸಾಧ್ಯವಾಯಿತು.

ಅದೇ ಜಾವಾ ತಂಡದಲ್ಲಿದ್ದ ಹಾಲ್ಬರ್‌ಸ್ಟೆಡರ್ ಮತ್ತು ಪ್ರೊವಾಜೆಕ್ 1907ರಲ್ಲಿ ಟ್ರಕೋಮಾ ಎಂಬ ಕಣ್ಣಿನ ರೋಗದ ಜೀವಕೋಶಗಳೊಳಗೆ ವಿಚಿತ್ರ ಕಣಗಳನ್ನು ಗುರುತಿಸಿದರು. ಅದೇ ಮುಂದೆ ಕ್ಲಮೈಡಿಯಾ ಅಂತ ಹೆಸರಾಯಿತು. ಇವತ್ತು ಜಗತ್ತಿನಲ್ಲಿ ಅತಿ ಸಾಮಾನ್ಯವಾದ ಲೈಂಗಿಕ ಸೋಂಕುಗಳಲ್ಲೊಂದು. ಅವರು ಹುಡುಕಿಕೊಂಡು ಹೋಗಿದ್ದು ಒಂದನ್ನು, ಸಿಕ್ಕಿದ್ದು ಇನ್ನೊಂದೂ ಸೇರಿ.

1910ರಲ್ಲಿ ಹಳೆಯ ಸಹಪಾಠಿ ಎರ್ಲಿಖ್‌ನ ಸಾಲ್ವರ್ಸಾನ್ ಔಷಧ ಮಾರುಕಟ್ಟೆಗೆ ಬಂತು. ಟೋನಿ 1913ರಲ್ಲಿ ತೀರಿಕೊಂಡಳು. ನೈಸರ್ 1916ರ ಜುಲೈ 30ರಂದು, ಮೊದಲ ಮಹಾಯುದ್ಧದ ನಡುವೆ, ಬ್ರೆಸ್ಲಾವ್‌ನಲ್ಲೇ ಕೊನೆಯುಸಿರೆಳೆದ. ಆತನಿಗಾಗ 61. ಜರ್ಮನಿ ತನ್ನ ಲೈಂಗಿಕ ವೃತ್ತಿಯ ಪೊಲೀಸ್ ಪಟ್ಟಿಗಳ ವ್ಯವಸ್ಥೆಯನ್ನು ರದ್ದು ಮಾಡಿದ್ದು 1927ರಲ್ಲಿ.

ಇವತ್ತು ನಮಗೆ ಗೊತ್ತಿರಬೇಕಾದ್ದು

ಬಿಚ್ಚಿದ ಚೀಲದಲ್ಲಿ ಏನೇನಿದೆ ಅಂತ ಒಮ್ಮೆ ನೋಡೋಣ. ಗೊನೊರಿಯಾ ಗಂಡಸರಲ್ಲಿ ಸಾಮಾನ್ಯವಾಗಿ ವಾರದೊಳಗೆ ಉರಿಮೂತ್ರ, ಕೀವಾಗಿ ಕಾಣಿಸುತ್ತದೆ. ಅನೇಕ ಹೆಂಗಸರಲ್ಲಿ ಏನೂ ಕಾಣಿಸದೆ ಒಳಗೇ ಹರಡಿ ಬಂಜೆತನಕ್ಕೂ ಕಾರಣವಾಗಬಹುದು. ಕ್ಲಮೈಡಿಯಾ ಇನ್ನೂ ಮೌನಿ, ಹೆಚ್ಚಿನವರಿಗೆ ಲಕ್ಷಣವೇ ಇರುವುದಿಲ್ಲ. ಎರಡೂ ಒಟ್ಟಿಗೆ ಬರುವುದುಂಟು, ಎರಡರ ಔಷಧ ಬೇರೆ. ಗೊನೊರಿಯಾ ಒಂದಾದ ಮೇಲೊಂದು ಆ್ಯಂಟಿಬಯಾಟಿಕ್‌ಗೆ ಬಗ್ಗದಂತಾಗುತ್ತಿದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ನಾಲ್ಕು ಮಾತ್ರೆ ನುಂಗಿದರೆ ಮುಗಿಯುವ ಕಾಯಿಲೆ ಅಲ್ಲ ಅದು.

ಸಿಫಿಲಿಸ್ ಸುಮಾರು ಮೂರು ವಾರದ ನಂತರ ನೋವಿಲ್ಲದ ಹುಣ್ಣಾಗಿ ಶುರುವಾಗುತ್ತದೆ. ಅದು ತಾನಾಗಿಯೇ ಮಾಯುತ್ತದೆ. ಮೋಸ ಇರುವುದು ಅಲ್ಲೇ. ಹುಣ್ಣು ಮಾಯ್ದರೂ ರೋಗ ಮಾಯ್ದಿರುವುದಿಲ್ಲ. ತಿಂಗಳುಗಳ ನಂತರ ಅಂಗೈ, ಅಂಗಾಲಿನಲ್ಲೂ ದದ್ದು ಏಳಬಹುದು, ವರ್ಷಗಳ ನಂತರ ಹೃದಯ, ಮೆದುಳಿಗೆ ಹೋಗಬಹುದು, ಬಸುರಿಯಿಂದ ಮಗುವಿಗೆ ದಾಟಬಹುದು. ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ, ಪೆನಿಸಿಲಿನ್‌ನಿಂದ ವಾಸಿಯಾಗುತ್ತದೆ. ಹುಣ್ಣು ತುಂಬಾ ನೋಯುತ್ತಿದ್ದರೆ ಅದು ಶಾಂಕ್ರಾಯ್ಡ್ ಎಂಬ ಬೇರೆ ಬ್ಯಾಕ್ಟೀರಿಯಾದ ಸೋಂಕು ಇರಬಹುದು. ಗುಂಪುಗುಂಪಾಗಿ ಎದ್ದು ಉರಿಯುವ ಸಣ್ಣ ನೀರ್ಗುಳ್ಳೆಯಾದರೆ ಹರ್ಪಿಸ್ ಇರಬಹುದು. ಅದು ವೈರಸ್, ಮರುಕಳಿಸುತ್ತದೆ, ಔಷಧದಿಂದ ಹತೋಟಿಯಲ್ಲಿ ಇಡಬಹುದು. ತುರಿಕೆ, ವಾಸನೆಯ ಬಿಳಿಸ್ರಾವಕ್ಕೆ ಟ್ರೈಕೊಮೊನಾಸ್ ಎಂಬ ಪರೋಪಜೀವಿಯೂ ಒಂದು ಕಾರಣ. ಎಚ್‌ಪಿವಿ ವೈರಸ್ ಬಹುತೇಕರಲ್ಲಿ ತಾನಾಗಿ ಹೋಗುತ್ತದೆ. ಅದರ ಕೆಲವು ಬಗೆ ನರುಳ್ಳೆ ತಂದರೆ, ಬೇರೆ ಕೆಲವು ಗರ್ಭಕೊರಳಿನ ಕ್ಯಾನ್ಸರ್ ತರಬಲ್ಲವು. ಅದಕ್ಕೆ ಲಸಿಕೆ ಇದೆ, ಹೆಪಟೈಟಿಸ್ ಬಿಗೂ ಇದೆ. ಎಚ್ಐವಿಗೆ ಜೀವನಪೂರ್ತಿ ತೆಗೆದುಕೊಳ್ಳುವ, ಆರೋಗ್ಯವಾಗಿ ಬದುಕಲು ಬಿಡುವ ಔಷಧ ಇದೆ. ಕಣ್ಣಿಗೆ ಕಂಡದ್ದರಿಂದ ಮಾತ್ರ ಇವನ್ನೆಲ್ಲ ಬೇರ್ಪಡಿಸಲು ವೈದ್ಯರಿಗೂ ಕಷ್ಟ. ಅದಕ್ಕೇ ಪರೀಕ್ಷೆ ಬೇಕು, ಸಂಗಾತಿಗೂ ಬೇಕು. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್ ಇರುವುದು ಇದಕ್ಕೇ.

ಇದು ವಿಜ್ಞಾನದ ಅರ್ಧ. ಇನ್ನರ್ಧ ಒಪ್ಪಿಗೆಯದ್ದು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆದಾಗ, ಹಾಸ್ಟೆಲಿನಲ್ಲಿದ್ದ ಅನೇಕ ಆದಿವಾಸಿ ಬಾಲಕಿಯರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಅಪ್ಪ ಅಮ್ಮ ಅಲ್ಲ, ವಾರ್ಡನ್‌ಗಳು. 2010ರಲ್ಲಿ ಅಧ್ಯಯನ ನಿಂತಿತು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಅದನ್ನು ಕಟುವಾಗಿ ಟೀಕಿಸಿತು. ಲಸಿಕೆ ಒಳ್ಳೆಯದೇ. ಜಗತ್ತಿನಾದ್ಯಂತ ಹೆಣ್ಣುಮಕ್ಕಳನ್ನು ಕ್ಯಾನ್ಸರಿನಿಂದ ಕಾಪಾಡುತ್ತಿದೆ. ಲಸಿಕೆ ಒಳ್ಳೆಯದು ಅನ್ನುವುದು ಕೇಳದೆ ಚುಚ್ಚುವುದಕ್ಕೆ ಪರವಾನಗಿ ಅಲ್ಲ, ಅಷ್ಟೇ. ಕೇಳಿಸಿಕೊಳ್ಳದವರ ನಂಬಿಕೆ ಒಮ್ಮೆ ಮುರಿದರೆ ಒಳ್ಳೆಯ ಲಸಿಕೆಯೂ ಸೋಲುತ್ತದೆ.

ನಮ್ಮಲ್ಲಿ 2017ರ ಎಚ್ಐವಿ ಮತ್ತು ಏಡ್ಸ್ ಕಾಯ್ದೆ ಇದೆ. ನಿಮಗೆ ತಿಳಿಸಿ, ನಿಮ್ಮ ಒಪ್ಪಿಗೆ ಪಡೆಯದೆ ಎಚ್ಐವಿ ಪರೀಕ್ಷೆ ಮಾಡುವಂತಿಲ್ಲ ಅನ್ನುತ್ತದೆ ಆ ಕಾಯ್ದೆ. ಯಾವ ಪರೀಕ್ಷೆ, ಯಾಕೆ, ಫಲಿತಾಂಶ ಯಾರ್‍ಯಾರು ನೋಡ್ತಾರೆ ಅಂತ ಕೌಂಟರಿನಲ್ಲಿ ಕೇಳುವುದು ಉದ್ಧಟತನ ಅಲ್ಲ. ಬ್ರೆಸ್ಲಾವ್‌ನ ಆ ಹೆಣ್ಣುಮಕ್ಕಳಿಗೆ ಈ ಮೂರು ಪ್ರಶ್ನೆ ಕೇಳುವ ಅವಕಾಶವನ್ನೇ ಕೊಟ್ಟಿರಲಿಲ್ಲ. ನೀವು ಕೇಳಿ. ನಿಮ್ಮ ಪಕ್ಕದಲ್ಲಿ ಕ್ಯೂ ನಿಂತಿರುವ, ಕೇಳಲು ಹೆದರುವ ಹೆಂಗಸಿನ ಪರವಾಗಿಯೂ ಕೇಳಿ.